ಕಬ್ಬಿನ ಸೀಮೆಗೆ ಬಂದ ಹೊಸ ಯಂತ್ರಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಿಂದ ಮುಧೋಳದ ದಿಕ್ಕಿಗೆ ಹೊರಟ ಬಸ್ಸು ಅರ್ಧ ಗಂಟೆಯ ಹೊತ್ತಿಗೆ ಕಬ್ಬೂರ ತಲುಪುತ್ತದೆ. ಊರ ಹೆಸರು ಕೇಳಿದವರಿಗೆ ಕಬ್ಬು ನೆನಪಾಗುತ್ತದೆ. ಊರಿಗೆ ಬಂದವರ ಕಣ್ಣಿಗೂ ಕಬ್ಬೇ ಬೀಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಈ ಸೀಮೆ ಕೃಷ್ಣಾ ನದಿ, ಅದರ ಉಪನದಿಗಳು, ಕಾಲುವೆಗಳು ಮತ್ತು ಕೊಳವೆ ಬಾವಿಗಳನ್ನು ನಂಬಿ ಬದುಕುತ್ತದೆ. ಕನ್ನಡದ ಜತೆಗೆ ಮರಾಠಿಯೂ ಇಲ್ಲಿನ ಕಿವಿಗಳಿಗೆ ಹೊಸದಲ್ಲ.

ದೀಪಾವಳಿ ಮುಗಿದು ಕಾರ್ಖಾನೆಗಳ ಕಬ್ಬು ನುರಿಸುವಿಕೆ ಆರಂಭವಾಯಿತೆಂದರೆ ರಸ್ತೆಯ ರೂಪವೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಟೈರಿನ ಗಾಲಿಯ ಚಕ್ಕಡಿಗಳು, ಅವುಗಳನ್ನು ದಾಟಲು ಹೆಣಗುವ ಕೆಂಪು ಬಸ್ಸು, ನಡುವೆ ಸದ್ದಿಲ್ಲದೆ ನುಸುಳುವ ವಿದ್ಯುತ್ ಸ್ಕೂಟರು. ಚಕ್ಕಡಿಯ ಮೇಲೆ ಕುಳಿತವನ ಅಂಗಿಯ ಕಿಸೆಯಲ್ಲಿಯೂ ಗಾಜಿನ ಮುಖದ ಮೊಬೈಲು. ಎತ್ತಿನ ಕಾಲ ಮತ್ತು ಬೆರಳ ತುದಿಯ ಕಾಲ ಇಲ್ಲಿ ಒಂದೇ ರಸ್ತೆಯಲ್ಲಿ ಸಾಗುತ್ತವೆ.

ಕಬ್ಬೂರ ಈಗ ಪಟ್ಟಣ ಪಂಚಾಯಿತಿ ಇರುವ ಊರು. ಕೋಟೆ ಕೊತ್ತಲ ನೋಡಲೆಂದು ಪ್ರವಾಸಿಗರು ಇಲ್ಲಿ ಬಸ್ಸಿಳಿಯುವುದಿಲ್ಲ. ಆದರೆ ಹೊಸ ಸಲಕರಣೆಗಳು ಹಳ್ಳಿಯ ಬದುಕಿನೊಳಗೆ ಹೇಗೆ ಬಂದು ಕೂರುತ್ತವೆ, ಬಂದ ಮೇಲೆ ಏನು ಕೊಡುತ್ತವೆ, ಏನು ಕೇಳುತ್ತವೆ ಎಂಬುದನ್ನು ತಿಳಿಯಬೇಕೆನ್ನುವ ವಿದ್ಯಾರ್ಥಿಗೆ ಇಂಥ ಊರಿಗಿಂತ ಒಳ್ಳೆಯ ಪ್ರಯೋಗಾಲಯ ಸಿಗಲಾರದು.

ಟನ್ನಿನ ಲೆಕ್ಕ

ನಗರದವರು ಮೊಬೈಲಿನ ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತಾರೆ. ಕಬ್ಬಿನ ಸೀಮೆಯಲ್ಲಿ ಅದನ್ನು ಟನ್ನಿನಲ್ಲಿ ಹೇಳಿದರೆ ವಿಷಯ ಬೇಗ ಅರ್ಥವಾಗುತ್ತದೆ. 2025ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೊಡಬೇಕೆಂದು ದಿನಗಟ್ಟಲೆ ಧರಣಿ ಕುಳಿತರು. ಕೊನೆಗೆ ರಾಜ್ಯ ಸರ್ಕಾರ 3,300 ರೂಪಾಯಿಯ ದರವನ್ನು ಸಾರಿತು. ಈ ದರವನ್ನೇ ಹಿಡಿದು ಲೆಕ್ಕ ಹಾಕೋಣ.

16,500 ರೂಪಾಯಿಯ ಒಂದು ಮೊಬೈಲು ಎಂದರೆ 5 ಟನ್ ಕಬ್ಬು. 1 ಲಕ್ಷ 20 ಸಾವಿರದ ವಿದ್ಯುತ್ ಸ್ಕೂಟರು ಎಂದರೆ 36 ಟನ್ನಿಗೂ ಹೆಚ್ಚು. ಚೆನ್ನಾಗಿ ಬೆಳೆದ ಒಂದು ಎಕರೆಯಲ್ಲಿ 40 ಟನ್ ಬಂದರೆ ಒಳ್ಳೆಯ ಇಳುವರಿ ಎನ್ನುತ್ತಾರೆ. ಅಂದರೆ ಒಂದು ಸ್ಕೂಟರು ಹೆಚ್ಚುಕಡಿಮೆ ಒಂದು ಎಕರೆಯ ಒಂದು ವರ್ಷದ ಬೆಳೆ. ಅದೂ ಬೀಜ, ಗೊಬ್ಬರ, ಕೂಲಿ, ನೀರಿನ ಖರ್ಚು ಕಳೆಯುವ ಮುಂಚಿನ ಲೆಕ್ಕ. ಖರ್ಚು ಕಳೆದರೆ ಎಷ್ಟು ಎಕರೆ ಬೇಕಾದೀತೆಂಬುದನ್ನು ಪ್ರತಿ ಮನೆಯವರೂ ತಮ್ಮ ತಮ್ಮ ಹೊಲದ ಲೆಕ್ಕದಿಂದ ತೆಗೆಯಬಹುದು. ಎಂಟನೇ ತರಗತಿಯ ಹುಡುಗ ಅಥವಾ ಹುಡುಗಿ ಮನೆಯವರೊಂದಿಗೆ ಕುಳಿತು ಒಮ್ಮೆ ಈ ಲೆಕ್ಕ ಮಾಡಿದರೆ, 'ಎಲ್ಲರ ಮನೆಯಾಗೂ ಐತಿ, ನಮಗೂ ಬೇಕು' ಎಂಬ ಮಾತಿನ ಧಾಟಿ ತಾನಾಗಿಯೇ ಬದಲಾಗುತ್ತದೆ.

ಕೊಳ್ಳಬಾರದೆಂದು ಇದರ ಅರ್ಥವಲ್ಲ. 2020-21ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಅದು ಇದ್ದ ಮನೆಯ ಮಗು ಕಲಿಯಿತು, ಇಲ್ಲದ ಮನೆಯ ಮಗು ಹಿಂದೆ ಬಿತ್ತು. ಆ ದಿನಗಳಲ್ಲಿ ಎಷ್ಟೋ ತಾಯಿತಂದೆಯರು ಸಾಲ ಮಾಡಿಯಾದರೂ ಮೊಬೈಲು ತಂದರು. ಆ ಖರ್ಚನ್ನು ದುಂದು ಎನ್ನಲಾಗದು. ಆದರೆ ಇಷ್ಟು ಬೆವರು ಕೊಟ್ಟು ತಂದ ವಸ್ತುವಿನಿಂದ ಮನೆಗೆ ಎಷ್ಟು ವಿದ್ಯೆ ಬಂತು ಎಂಬ ಪ್ರಶ್ನೆ ಉಳಿದೇ ಇದೆ. ಅದಕ್ಕೆ ಉತ್ತರ ಹುಡುಕಲು ಇದೇ ಜಿಲ್ಲೆಯ ಒಂದು ಹಳೆಯ ಕಥೆ ನೆರವಾಗುತ್ತದೆ.

ಸೈಕಲ್ ಅಂಗಡಿಯಿಂದ ನೇಗಿಲಿನ ತನಕ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳಗಾವಿಗೆ ಒಂದು ಹೊಸ ಯಂತ್ರ ಬಂತು. ಅದಕ್ಕೆ ಎತ್ತು ಬೇಡ, ಕುದುರೆ ಬೇಡ, ಕಲ್ಲಿದ್ದಲು ಬೇಡ. ಎರಡೇ ಗಾಲಿಯ ಮೇಲೆ ಮನುಷ್ಯ ಬೀಳದೆ ಓಡುತ್ತಿದ್ದ. ಅದೇ ಸೈಕಲ್. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಕಾಲದ ದುಬಾರಿ ಹೊಸ ಸಲಕರಣೆ, ಜತೆಗೆ ನಿಜವಾದ ಹಸಿರು ವಾಹನ.

ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಚಿತ್ರಕಲೆ ಕಲಿಯಲೆಂದು ಮುಂಬಯಿಗೆ ಹೋದರು. ಕೆಲವು ಬಣ್ಣಗಳನ್ನು ಗುರುತಿಸಲು ಕಣ್ಣು ಒಪ್ಪದ ಕಾರಣ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯತ್ತ ತಿರುಗಿದರು. ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರಕ್ಕೆ ಇಳಿದರು. ಕಿರ್ಲೋಸ್ಕರ್ ಸಂಸ್ಥೆ ತನ್ನ ಹುಟ್ಟಿನ ವರ್ಷವೆಂದು ಇಂದಿಗೂ ಹೇಳುವುದು 1888.

ಕಥೆ ಅಂಗಡಿಗೇ ನಿಂತಿದ್ದರೆ ಅವರ ಹೆಸರನ್ನು ಯಾರೂ ನೆನೆಯುತ್ತಿರಲಿಲ್ಲ. ಸೈಕಲ್ ಮಾರಿದವರು ಅದನ್ನು ರಿಪೇರಿ ಮಾಡಿದರು. ಯಂತ್ರದ ಒಳಹೊರಗು ಕಂಡ ಕೈಗೆ ಸ್ವಂತ ಯಂತ್ರ ಮಾಡುವ ಧೈರ್ಯ ಬಂತು. ಮೊದಲು ದನಗಳ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ಮೊದಮೊದಲು ನೇಗಿಲು ಕೊಳ್ಳುವವರೇ ಇರಲಿಲ್ಲ. ಕಿರ್ಲೋಸ್ಕರರು ಬಿಡಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟಾಗ ಕಾರ್ಖಾನೆ ಅಲ್ಲಿಗೆ ಹೋಗಿ, ಕಿರ್ಲೋಸ್ಕರವಾಡಿ ಎಂಬ ಊರೇ ಎದ್ದಿತು.

ಕಬ್ಬೂರಿನ ಆಸುಪಾಸಿನವರು ಇಂದಿಗೂ ಚಿಕ್ಕೋಡಿ ರೋಡ್, ರಾಯಬಾಗ ಅಥವಾ ಘಟಪ್ರಭಾ ನಿಲ್ದಾಣದಲ್ಲಿ ಮಿರಜ ಕಡೆಗೆ ರೈಲು ಹಿಡಿಯುತ್ತಾರೆ. ಮಿರಜ ದಾಟಿ ಪುಣೆಯತ್ತ ಹೋಗುವಾಗ ಕಿರ್ಲೋಸ್ಕರವಾಡಿ ನಿಲ್ದಾಣ ಸಿಗುತ್ತದೆ. ಕೊಂಡವನು ಬಿಚ್ಚಿ ನೋಡಿದ, ಬಿಚ್ಚಿದವನು ದುರಸ್ತಿ ಕಲಿತ, ದುರಸ್ತಿ ಕಲಿತವನು ಹೊಸದನ್ನು ಮಾಡಿದ. ಇದೇ ಮೆಟ್ಟಿಲುಗಳನ್ನು ಇಂದಿನ ಯಂತ್ರಗಳಲ್ಲಿಯೂ ಹುಡುಕಬೇಕು.

ಬೆರಳು ಮತ್ತು ಗಾಜು

ಮುಟ್ಟಿದರೆ ಕೆಲಸ ಮಾಡುವ ಗಾಜು ಮಕ್ಕಳಿಗೆ ಮಾಯೆಯಂತೆ ಕಾಣುತ್ತದೆ. ಅದರ ಹಿಂದೆ ಇರುವುದು ಪ್ರೌಢಶಾಲೆಯ ಭೌತಶಾಸ್ತ್ರವೇ. ಮೊಬೈಲಿನ ಗಾಜಿನ ಕೆಳಗೆ ಇಂಡಿಯಂ ತವರ ಆಕ್ಸೈಡ್ ಮುಂತಾದ ಪಾರದರ್ಶಕ ವಾಹಕದ ತೆಳು ಲೇಪನವನ್ನು ಅಡ್ಡಡ್ಡ, ಉದ್ದುದ್ದ ಗೆರೆಗಳಾಗಿ ಹಾಸಿರುತ್ತಾರೆ. ಅವುಗಳ ನಡುವೆ ಅತಿ ಸಣ್ಣ ವಿದ್ಯುದಾವೇಶ ನಿಂತಿರುತ್ತದೆ. ನಮ್ಮ ದೇಹದಲ್ಲಿ ನೀರು ಮತ್ತು ಲವಣ ಇರುವುದರಿಂದ ಅದೂ ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ಆವೇಶ ಕೊಂಚ ಬದಲಾಗುತ್ತದೆ. ಯಾವ ಅಡ್ಡಗೆರೆ, ಯಾವ ಉದ್ದಗೆರೆ ಸೇರುವಲ್ಲಿ ಬದಲಾಯಿತೆಂದು ಒಳಗಿನ ಚಿಪ್ಪು ಸೆಕೆಂಡಿಗೆ ಹತ್ತಾರು ಸಲ ನೋಡುತ್ತಲೇ ಇರುತ್ತದೆ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಣ ಕಡ್ಡಿಯಿಂದ ಮುಟ್ಟಿದರೆ ಮೊಬೈಲು ಸುಮ್ಮನಿರುತ್ತದೆ. ಸಿಪ್ಪೆ ತೆಗೆದ ಹಸಿ ಗಜ್ಜರಿಯ ತುಂಡನ್ನು ಕೈಯಲ್ಲಿ ಹಿಡಿದು ಮುಟ್ಟಿದರೆ ಎಚ್ಚರಗೊಳ್ಳುತ್ತದೆ. ಮಳೆಯ ಹನಿ ಬಿದ್ದರೆ ತಾನೇ ಏನೇನೋ ಒತ್ತಿಕೊಳ್ಳುವುದಕ್ಕೂ ಕಾರಣ ಇದೇ. ಒಣ ಬಟ್ಟೆಯಿಂದ ಒರೆಸಿ ಪರದೆ ಮತ್ತೆ ಸರಿಯಾದಾಗ, ದೋಷ ಯಂತ್ರದ್ದಲ್ಲ, ನೀರಿನದು ಎಂದು ಹುಡುಗರು ತಾವೇ ಹೇಳುತ್ತಾರೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಇಂಗ್ಲೆಂಡಿನ ರಾಡಾರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇ. ಎ. ಜಾನ್ಸನ್ ಎಂಬ ವಿಜ್ಞಾನಿ 1965ರಲ್ಲಿಯೇ ಬೆರಳಿನಿಂದ ನಡೆಸುವ ಪರದೆಯನ್ನು ವಿವರಿಸಿದ್ದರು. ವಿಮಾನಗಳ ಸಂಚಾರ ನಿಯಂತ್ರಣಕ್ಕೆ ಅದು ಬೇಕಾಗಿತ್ತು. ಆಪಲ್ ಕಂಪನಿಯ ಐಫೋನ್ ಬಂದದ್ದು 2007ರಲ್ಲಿ.

ಅದಕ್ಕೂ ಮುಂಚೆ ಕರ್ನಾಟಕದಲ್ಲಿಯೇ ಒಂದು ಮುಟ್ಟುಪರದೆಯ ಕೈಗಣಕ ಹುಟ್ಟಿತ್ತು ಎಂಬುದು ಇಂದಿನ ಬಹುತೇಕ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಅದರ ಹೆಸರು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮುಂತಾದವರು ಸೇರಿ ರೂಪಿಸಿದ ಇದನ್ನು 2001ರಲ್ಲಿ ಹೊರಜಗತ್ತಿಗೆ ತೋರಿಸಲಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿ ಮಾರುಕಟ್ಟೆಗೆ ಬಂತು. ಕಡ್ಡಿಯಿಂದ ಒತ್ತುವ ಪರದೆ, ಕೈಯನ್ನು ಓರೆ ಮಾಡಿದರೆ ಅರಿಯುವ ಸಂವೇದಕ, ಓದುಬರಹ ಬಾರದವರಿಗೂ ನೆರವಾಗಲೆಂದು ಭಾರತೀಯ ಭಾಷೆಗಳಲ್ಲಿ ಬರೆದದ್ದನ್ನು ಓದಿ ಹೇಳುವ ವ್ಯವಸ್ಥೆ ಅದರ ವಿಶೇಷ. ಹಳ್ಳಿಯ ಹಲವರು ಒಂದೇ ಯಂತ್ರವನ್ನು ತಮ್ಮ ತಮ್ಮ ಕಾರ್ಡು ಹಾಕಿ ಬಳಸಲಿ ಎಂಬುದು ಅದರ ಹಿಂದಿನ ಆಶಯವಾಗಿತ್ತು.

ಸಿಂಪ್ಯೂಟರ್ ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಸಾಮಾನ್ಯನಿಗೆ ಹೆಚ್ಚೆನಿಸಿತು, ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿ ಹಳ್ಳಿಗೂ ನುಗ್ಗಿತು. ಯಂತ್ರ ಚೆನ್ನಾಗಿದ್ದರೆ ಸಾಲದು, ಬೆಲೆ, ಸಮಯ, ಅಂಗಡಿ ಮೂರೂ ಕೂಡಿಬರಬೇಕು ಎಂಬ ಪಾಠ ಅದರಿಂದ ಸಿಕ್ಕಿತು. ಆದರೆ ಇಂಥ ಯಂತ್ರವನ್ನು ಕನ್ನಡ ನಾಡಿನಲ್ಲಿ ಕೂತು ಕಲ್ಪಿಸಿ ಮಾಡಲು ಸಾಧ್ಯವೆಂಬುದು ಸಾಬೀತಾಗಿತ್ತು. 2020ರಿಂದ ಕೋಲಾರದ ನರಸಾಪುರದಲ್ಲಿ ಐಫೋನುಗಳೇ ಜೋಡಣೆಯಾಗುತ್ತಿವೆ. ಜೋಡಿಸುವುದಕ್ಕೂ ಕಲ್ಪಿಸುವುದಕ್ಕೂ ಇರುವ ಅಂತರವನ್ನು ಮಕ್ಕಳು ತಿಳಿಯಬೇಕು.

ಕಿಸೆಯೊಳಗಿನ ಸ್ಟುಡಿಯೊ

ಒಂದು ಕಾಲಕ್ಕೆ ಮದುವೆ, ಜಾತ್ರೆ, ಎಸ್ಸೆಸ್ಸೆಲ್ಸಿ ಅರ್ಜಿ - ಇವಿಷ್ಟಕ್ಕೇ ಹಳ್ಳಿಯವರು ಸ್ಟುಡಿಯೊ ಮೆಟ್ಟಿಲು ಹತ್ತುತ್ತಿದ್ದರು. ಇಂದು ಕಿಸೆಯಲ್ಲಿಯೇ ಕ್ಯಾಮೆರಾ. ಈ ಬದಲಾವಣೆಯ ಬೇರು 1975ರಲ್ಲಿದೆ. ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಆ ವರ್ಷ ಫಿಲ್ಮ್ ಇಲ್ಲದ ಕ್ಯಾಮೆರಾ ಮಾಡಿದರು. ತೂಕ ಸುಮಾರು 3.6 ಕಿಲೊ. ಚಿತ್ರದಲ್ಲಿದ್ದದ್ದು ಬರೀ 10 ಸಾವಿರ ಚುಕ್ಕಿ. ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು. ಇಂದಿನ 50 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ 5 ಕೋಟಿ ಚುಕ್ಕಿ, ಅಂದರೆ ಐದು ಸಾವಿರ ಪಟ್ಟು. ಹೊಸದನ್ನು ತಾನೇ ಕಂಡುಹಿಡಿದರೂ ಫಿಲ್ಮ್ ವ್ಯಾಪಾರಕ್ಕೇ ಅಂಟಿಕೊಂಡ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು.

ಬೆಳಗಾವಿ ನಗರದಲ್ಲಿ ಒಬ್ಬ ಛಾಯಾಗ್ರಾಹಕರು ಕ್ಯಾಮೆರಾದ ಆಕಾರದಲ್ಲಿಯೇ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದು 2020ರಲ್ಲಿ ದೇಶದಾದ್ಯಂತ ಸುದ್ದಿಯಾಗಿತ್ತು. ಅದು ಕ್ಯಾಮೆರಾದ ಮೇಲಿನ ಪ್ರೀತಿ. ಹೊಲದಲ್ಲಿ ಕ್ಯಾಮೆರಾಕ್ಕೆ ಬೇರೆ ಕೆಲಸವಿದೆ. ಅದೇ 2020ರಲ್ಲಿ ಕರ್ನಾಟಕ ಸರ್ಕಾರ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ಕಳುಹಿಸುವ ಬೆಳೆ ಸಮೀಕ್ಷೆ ಆ್ಯಪ್ ತಂದಿತು. ಹೊಲದ ಸರ್ವೆ ನಂಬರು, ನಿಂತ ಜಾಗ, ಬೆಳೆ ಮೂರೂ ಒಂದೇ ಚಿತ್ರದೊಡನೆ ದಾಖಲಾಗುತ್ತವೆ. ಎಷ್ಟೋ ಮನೆಗಳಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರು ಶಾಲೆಗೆ ಹೋಗುವ ಮಕ್ಕಳೇ. ಎಲೆಯ ಮೇಲಿನ ಕೆಂಪು ಚುಕ್ಕೆಯನ್ನು ಹತ್ತಿರದಿಂದ ಚಿತ್ರ ತೆಗೆದು ಕೃಷಿ ಅಧಿಕಾರಿಗೆ ಕಳುಹಿಸುವ ಹುಡುಗ ಸಸ್ಯಶಾಸ್ತ್ರದ ಮೊದಲ ಪಾಠ ಕಲಿತಂತೆಯೇ. ಅದೇ ಕ್ಯಾಮೆರಾವನ್ನು ಓಡುವ ಟ್ರ್ಯಾಕ್ಟರಿನ ಮುಂದೆ ನಿಂತು ತನ್ನ ಮುಖದತ್ತ ತಿರುಗಿಸಿದರೆ ಕಲಿತದ್ದು ಏನೂ ಇಲ್ಲ, ಅಪಾಯ ಮಾತ್ರ ಇದೆ.

ಮಿಸ್ಡ್ ಕಾಲಿಗೆ ಓಗೊಡುವ ಮೋಟಾರು

ಕಬ್ಬಿಗೆ ನೀರು ಬೇಕು, ನೀರೆತ್ತಲು ತ್ರೀ ಫೇಸ್ ವಿದ್ಯುತ್ ಬೇಕು. ಅದು ಬರುವ ಹೊತ್ತು ಎಷ್ಟೋ ಸಲ ನಡುರಾತ್ರಿ. ಕತ್ತಲಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ ಹೋಗಿ ಸ್ವಿಚ್ ಒತ್ತುವುದೆಂದರೆ ಹಾವು, ಚೇಳು, ವಿದ್ಯುತ್ ಆಘಾತ ಮೂರರ ಭಯ. ಈ ಕಷ್ಟವನ್ನು ಕಂಡು ಮೊಬೈಲಿನಿಂದಲೇ ಪಂಪು ನಡೆಸುವ ಉಪಕರಣ ಮಾಡಿದವರಲ್ಲಿ ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ಒಬ್ಬರು. ಅವರ 'ನ್ಯಾನೊ ಗಣೇಶ'ದಂಥ ಉಪಕರಣಗಳನ್ನು ಈಗ ಹಲವು ಕಂಪನಿಗಳು ಮಾಡುತ್ತವೆ.

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಂದು ಸಿಮ್, ಒಂದು ರಿಲೇ. ಮನೆಯಿಂದ ಕರೆ ಹೋದರೆ ರಿಲೇಯ ಸುರುಳಿಯಲ್ಲಿ ವಿದ್ಯುತ್ ಹರಿದು ಅದು ಕಾಂತವಾಗುತ್ತದೆ, ಸಂಪರ್ಕ ಕೂಡುತ್ತದೆ, ಮೋಟಾರು ತಿರುಗುತ್ತದೆ. ಹತ್ತನೇ ತರಗತಿಯ ವಿದ್ಯುತ್ಕಾಂತದ ಪಾಠ ಇಲ್ಲಿ ತಂದೆಯ ನಿದ್ದೆಯನ್ನು ಉಳಿಸುತ್ತದೆ. ದುಬಾರಿ ಮೊಬೈಲು ಇದಕ್ಕೆ ಬೇಕಿಲ್ಲ. ಒತ್ತು ಗುಂಡಿಯ ಸಾದಾ ಮೊಬೈಲೂ ಸಾಕು. ಆದರೆ ಗುಂಡಿ ಒತ್ತುವುದು ಸುಲಭವಾದಂತೆಲ್ಲ ನೀರನ್ನು ಬೇಕಾಬಿಟ್ಟಿ ಹರಿಸುವುದೂ ಸುಲಭವಾಗುತ್ತದೆ. ಯಂತ್ರ ರೈತನ ನಡಿಗೆಯನ್ನು ಉಳಿಸಿತು. ನೀರನ್ನು ಉಳಿಸುವ ಕೆಲಸ ಹನಿ ನೀರಾವರಿಯದು ಮತ್ತು ರೈತನದು.

ಹಸಿರು ವಾಹನ ಎಷ್ಟು ಹಸಿರು?

ಕಬ್ಬೂರಿನಂಥ ಊರಿಗೆ ಹಸಿರು ವಾಹನದ ಮಾತು ದೂರದ್ದಲ್ಲ. ರಸ್ತೆಯ ಪಕ್ಕದ ಕಬ್ಬೇ ಇಂಧನದ ಕಚ್ಚಾ ವಸ್ತು. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಹುಟ್ಟಿದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಇತ್ತೀಚಿನವರೆಗೆ ಈ ಜಿಲ್ಲೆಯಲ್ಲಿ ಕಾರ್ಖಾನೆಗಳ ಸಾಲೇ ಇದೆ. ಅವುಗಳಲ್ಲಿ ಹಲವು ಈಗ ಸಕ್ಕರೆಯ ಜತೆಗೆ ಎಥನಾಲನ್ನೂ ತಯಾರಿಸುತ್ತವೆ. ಕಾಕಂಬಿ ಅಥವಾ ಕಬ್ಬಿನ ಹಾಲಿಗೆ ಯೀಸ್ಟ್ ಎಂಬ ಸೂಕ್ಷ್ಮ ಜೀವಿಯನ್ನು ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಎಥನಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಬಟ್ಟಿ ಇಳಿಸಿ, ನೀರು ತೆಗೆದ ಎಥನಾಲನ್ನು ಪೆಟ್ರೋಲಿಗೆ ಸೇರಿಸುತ್ತಾರೆ. ಶೇ 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಗೋವಿನಜೋಳ ಮತ್ತು ಮುರಿದ ಅಕ್ಕಿಯಿಂದಲೂ ಎಥನಾಲ್ ಬರುತ್ತದೆ.

ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿದಾಗ ಗಾಳಿಗೆ ಮರಳುತ್ತದೆ. ವಿದೇಶದಿಂದ ಕಚ್ಚಾ ತೈಲ ತರಿಸುವುದೂ ಅಷ್ಟರಮಟ್ಟಿಗೆ ಕಡಿಮೆ. ಇದು ಲಾಭದ ಬದಿ. ಇನ್ನೊಂದು ಬದಿಯೂ ಇದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಮೈಲೇಜು ಕೊಂಚ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೀರು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿ ಹೇಳಿದೆ. 2019ರಲ್ಲಿ ಕೃಷ್ಣೆಯ ಮಹಾಪೂರ ಕಂಡ ಈ ಸೀಮೆ ಬರವನ್ನೂ ಕಂಡಿದೆ. ಹಸಿರಿನ ಲೆಕ್ಕದಲ್ಲಿ ಬಾವಿಯ ನೀರನ್ನೂ ಬರೆಯಲೇಬೇಕು.

ವಿದ್ಯುತ್ ಸ್ಕೂಟರಿನ ಲೆಕ್ಕ ಬೇರೆ. ಸಾಮಾನ್ಯವಾಗಿ 3 ಯೂನಿಟ್ ಹಿಡಿಯುವ ಬ್ಯಾಟರಿ ಸುಮಾರು 100 ಕಿಲೋಮೀಟರ್ ಓಡಿಸುತ್ತದೆ. ಚಾರ್ಜಿನಲ್ಲಿ ಆಗುವ ನಷ್ಟ ಸೇರಿಸಿ ಮೂರೂವರೆ ಯೂನಿಟ್ ಎಂದುಕೊಂಡು, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 25 ರೂಪಾಯಿ ದಾಟದು. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರಿಗೆ ಎರಡು ಲೀಟರ್, ಅಂದರೆ 200 ರೂಪಾಯಿಗೂ ಹೆಚ್ಚು. ದಿನವೂ ದೂರ ಓಡಾಡುವವರಿಗೆ ಇದು ಲಾಭ. ವಾರಕ್ಕೊಮ್ಮೆ ಸಂತೆಗೆ ಹೋಗುವವರಿಗೆ ಕೊಂಡ ಬೆಲೆಯೇ ಮರಳದು. ವಿದ್ಯುತ್ ಎಲ್ಲಿಂದ ಬಂತೆಂಬುದನ್ನೂ ಕೇಳಬೇಕು. ರಾಯಚೂರಿನ ಕಲ್ಲಿದ್ದಲಿನದಾದರೆ ಹೊಗೆ ಊರು ಬದಲಿಸಿತಷ್ಟೆ. ಪಾವಗಡದ ಬಿಸಿಲಿನದು, ಗಾಳಿಗಿರಣಿಯದು, ಅಣೆಕಟ್ಟಿನದಾದರೆ ನಿಜಕ್ಕೂ ಹಸಿರು.

ಈ ಕ್ಷೇತ್ರದಲ್ಲಿಯೂ ಕರ್ನಾಟಕದ ಹೆಸರಿದೆ. ಚೇತನ್ ಮೈನಿ ಅವರ ಬೆಂಗಳೂರಿನ ಕಂಪನಿ ರೇವಾ ವಿದ್ಯುತ್ ಕಾರನ್ನು 2001ರಲ್ಲಿಯೇ ರಸ್ತೆಗಿಳಿಸಿತು. ಮದರಾಸಿನ ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ಕಂಪನಿಯ ಸ್ಕೂಟರು 2018ರಲ್ಲಿ ಮೊದಲು ಓಡಿದ್ದು ಬೆಂಗಳೂರಿನಲ್ಲಿ. ಅವರೂ ಮೊದಲು ಇತರರ ಬ್ಯಾಟರಿಯ ಕೊರತೆಯನ್ನು ಅಭ್ಯಾಸ ಮಾಡಿಯೇ ಸ್ವಂತ ವಾಹನಕ್ಕೆ ಕೈ ಹಾಕಿದವರು.

ಪಾಲಕರಿಗೆ ಎರಡು ಎಚ್ಚರಿಕೆಯ ಮಾತು ಅಗತ್ಯ. ಮೊದಲನೆಯದು ಬೆಂಕಿ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮಗಳು ಬಿಗಿಯಾದವು. ರವದಿ, ಮೇವು ಒಟ್ಟಿದ ಕೊಟ್ಟಿಗೆಯಲ್ಲಿ ಚಾರ್ಜಿಗೆ ಹಾಕುವುದು, ಬೇರೆ ಚಾರ್ಜರ್ ಬಳಸುವುದು ತರವಲ್ಲ. ಎರಡನೆಯದು ಕಾನೂನು. ಸದ್ದಿಲ್ಲದ ಸ್ಕೂಟರು ಆಟಿಕೆಯಲ್ಲ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಕ್ಕಳು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ವಾಹನದ ಒಡೆಯರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಹಳೆಯ ವಾಹನವನ್ನು ಮರೆಯುವಂತಿಲ್ಲ. ಲೀಟರ್ ಡೀಸೆಲ್ಲಿಗೆ ಸುಮಾರು 5 ಕಿಲೋಮೀಟರ್ ಓಡುವ ಸಾರಿಗೆ ಬಸ್ಸಿನಲ್ಲಿ 50 ಜನರಿದ್ದರೆ, ಒಂದು ಲೀಟರಿಗೆ 250 ಜನ ಒಂದೊಂದು ಕಿಲೋಮೀಟರ್ ಸಾಗಿದಂತಾಯಿತು. ಒಬ್ಬನೇ ಕುಳಿತ ಸ್ಕೂಟರಿನಲ್ಲಿ ಇದು 50. ತುಂಬಿದ ಕೆಂಪು ಬಸ್ಸು ಪೆಟ್ರೋಲ್ ಸ್ಕೂಟರಿಗಿಂತ ಐದು ಪಟ್ಟು ಮಿತವ್ಯಯಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ, ವಿದ್ಯಾರ್ಥಿನಿಯರಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಇನ್ನು 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲು ಕಿರ್ಲೋಸ್ಕರರ ಕಾಲದ ಅದೇ ಹಸಿರು ಯಂತ್ರ. ಅಂದು ಧನಿಕರಿಗೆ ಮಾತ್ರ ಎಟುಕುತ್ತಿದ್ದುದು ನೂರು ವರ್ಷದ ಬಳಿಕ ಕೂಲಿಕಾರನ ಮಗಳ ಕೈಗೂ ಬಂತು.

ಹಳೆಯದಾದ ಮೇಲೆ

ಪ್ರತಿ ಹೊಸ ಯಂತ್ರವೂ ಒಂದು ದಿನ ಹಳೆಯದಾಗುತ್ತದೆ. ಚಕ್ಕಡಿ ಮುರಿದರೆ ಕಟ್ಟಿಗೆ ಒಲೆಗೆ, ಕಬ್ಬಿಣ ಕಮ್ಮಾರನಿಗೆ. ಮೊಬೈಲು ಕೆಟ್ಟರೆ ಎಲ್ಲಿಗೆ? ಅದರೊಳಗೆ ತಾಮ್ರ, ಕೋಬಾಲ್ಟ್, ಲಿಥಿಯಂ, ಚೂರು ಬಂಗಾರವೂ ಇದೆ. ಮಣ್ಣಿಗೆ ಸೇರಬಾರದ ರಾಸಾಯನಿಕಗಳೂ ಇವೆ. ಬಾವಿಯ ಹತ್ತಿರದ ತಿಪ್ಪೆಗೆ ಎಸೆದ ಉಬ್ಬಿದ ಬ್ಯಾಟರಿ ನೀರಿಗೂ ಅಪಾಯ, ತಿಪ್ಪೆ ಕೆದಕುವ ಮಗುವಿಗೂ ಅಪಾಯ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಸಲಕರಣೆಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮಾರಿದ ಅಂಗಡಿಯಲ್ಲಿಯೇ 'ಹಳೆಯದನ್ನು ಎಲ್ಲಿ ಕೊಡಬೇಕು?' ಎಂದು ಕೇಳುವ ಅಭ್ಯಾಸ ಗಿರಾಕಿಗಳಿಗೆ ಬರಬೇಕು.

ಅದಕ್ಕೂ ಮೊದಲು ದುರಸ್ತಿ. ಬಸ್ ನಿಲ್ದಾಣದ ಬಳಿ ಸಣ್ಣ ಮೇಜು, ಭೂತಗನ್ನಡಿ, ಬೆಸುಗೆ ಕಡ್ಡಿ ಇಟ್ಟುಕೊಂಡು ಕೂತ ಮೊಬೈಲ್ ರಿಪೇರಿಯವನನ್ನು ಜನ ಹಗುರವಾಗಿ ಕಾಣುತ್ತಾರೆ. ಕಿರ್ಲೋಸ್ಕರರ ಸೈಕಲ್ ಅಂಗಡಿಯೂ ಒಂದು ಕಾಲಕ್ಕೆ ಅಷ್ಟೇ ಆಗಿತ್ತು. ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಆ ಮೇಜು ಕೀಳಲ್ಲ. ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಹತ್ತರಗಿಯಲ್ಲಿ 2009ರಲ್ಲಿ ಆರಂಭವಾದ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಹತ್ತರಗಿ ಇರುವುದು ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ. ಕೂದಲೆಳೆಯಷ್ಟೂ ತಪ್ಪದೆ ಲೋಹ ಕೊರೆಯುವ ಕೈಗಳಿಗೆ ಅಲ್ಲಿ ಬೆಲೆ ಇದೆ.

ಒಂದು ಭಾನುವಾರದ ಸುತ್ತಾಟ

ಶಾಲೆಯ ಪ್ರವಾಸವೆಂದರೆ ದೂರದ ಊರೇ ಆಗಬೇಕಿಲ್ಲ. ನುರಿಸುವ ಹಂಗಾಮಿನಲ್ಲಿ ಅನುಮತಿ ಪಡೆದು ಹತ್ತಿರದ ಸಕ್ಕರೆ ಕಾರ್ಖಾನೆ ನೋಡಬಹುದು. ಕಬ್ಬಿನ ಸಿಪ್ಪೆ ಉರಿದು ವಿದ್ಯುತ್ ಆಗುವುದು, ಕಾಕಂಬಿ ಇಂಧನವಾಗುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಗೋಕಾಕ ಫಾಲ್ಸ್‌ಗೆ ಹೋದರೆ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುವ ದೃಶ್ಯ. 1887ರಲ್ಲಿ ಆರಂಭವಾದ ಅಲ್ಲಿನ ನೂಲಿನ ಗಿರಣಿ ಇದೇ ನೀರಿನ ಬಲದಿಂದ ತಿರುಗಿತು. ಹೊಗೆಯಿಲ್ಲದ ಶಕ್ತಿ ಈ ಸೀಮೆಗೆ ಹೊಸದೇನಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಮಕ್ಕಳು ಮೂರು ಪ್ರಶ್ನೆ ಬರೆದುಕೊಳ್ಳಲಿ: ಮನೆಯಲ್ಲಿರುವ ಈ ಯಂತ್ರ ಯಾವ ಶಕ್ತಿಯಿಂದ ನಡೆಯುತ್ತದೆ? ಕೆಟ್ಟರೆ ಇದನ್ನು ಯಾರು ಸರಿಮಾಡುತ್ತಾರೆ? ಹಳೆಯದಾದರೆ ಎಲ್ಲಿಗೆ ಹೋಗುತ್ತದೆ? ಉತ್ತರ ಹುಡುಕಲು ಅವರು ಅದೇ ಮೊಬೈಲನ್ನು ಬಳಸಲಿ, ಅಡ್ಡಿಯಿಲ್ಲ. ಐದು ಟನ್ ಕಬ್ಬು ಕೊಟ್ಟು ತಂದ ವಸ್ತುವಿನಿಂದ ತಂದೆತಾಯಿ ನಿರೀಕ್ಷಿಸಿದ್ದು ಅಂಥ ಕೆಲಸವನ್ನೇ.